‘ಹೀಟ್’ ಚಿತ್ರದ ಬಂದೂಕುಗಳು: ಯಾವುದು ಯಾವುದು, ಗುರುತು ಹಿಡಿಯೋದು ಹೇಗೆ?

ಫ್ರೇಮ್‌ಗಣ್ಣು
ಮೈಕಲ್ ಮಾನ್ ನಿರ್ದೇಶನದ 1995ರ ‘ಹೀಟ್’ ಮತ್ತೆ ನೋಡುತ್ತಿದ್ದೇನೆ. ಈ ಸಲ ಗಮನವೆಲ್ಲ ಬಂದೂಕುಗಳ ಮೇಲೆ. ಬ್ಯಾಂಕ್ ದರೋಡೆ ಮುಗಿಸಿ ಲಾಸ್ ಏಂಜಲೀಸ್ ರಸ್ತೆಗೆ ಬರುತ್ತಾರಲ್ಲ, ಆ ಗುಂಡಿನ ಕಾಳಗದಲ್ಲಿ ಕಡಿಮೆ ಅಂದರೂ ಮೂರು ಬಗೆಯ ರೈಫಲ್ ಕಾಣುತ್ತವೆ. ವ್ಯಾಲ್ ಕಿಲ್ಮರ್ ಮತ್ತು ರಾಬರ್ಟ್ ಡಿ ನೀರೊ ಕೈಯಲ್ಲಿ ಎಂ16 ತರಹದ್ದು, ಆದರೆ ತುಂಬಾ ಗಿಡ್ಡ. ಟಾಮ್ ಸೈಜ್‌ಮೋರ್ ಹಿಡಿದಿರುವುದು ಎಕೆ ತರಹ ಇದೆ. ಅಲ್ ಪಚೀನೊ ಕೈಯಲ್ಲಿರುವುದು ಇವೆರಡೂ ಅಲ್ಲ. ಪಚೀನೊ ಸೊಂಟದಲ್ಲಿ ಬಿಳಿ ಹಿಡಿಯ ಸಣ್ಣ ಪಿಸ್ತೂಲು ಬೇರೆ ಇದೆ.

ಸುಮ್ನೆ ಹೆಸರು ಹೇಳಿದರೆ ಸಾಲದು. ಯಾವ ಗುರುತು ನೋಡಿ ಆ ಹೆಸರು ಹೇಳುತ್ತಿದ್ದೀರಿ ಅನ್ನೋದನ್ನೂ ಬರೆಯಿರಿ. ಮುಂದಿನ ಸಿನಿಮಾದಲ್ಲಿ ನಾನೇ ಗುರುತು ಹಿಡಿಯಬೇಕು ಅನ್ನೋದು ಆಸೆ.

ಹಳೇರೀಲು
ಒಳ್ಳೆ ಚಿತ್ರ ಆರಿಸಿಕೊಂಡಿದ್ದೀರಿ. ಈ ಚಿತ್ರದಲ್ಲಿ ಬಂದೂಕುಗಳನ್ನು ಯಾರೋ ಕೂತು ಯೋಚಿಸಿ ಆರಿಸಿದ್ದಾರೆ, ಅದಕ್ಕೇ ಹುಡುಕೋಕೆ ಖುಷಿ.

ಕಿಲ್ಮರ್ ಮತ್ತು ಡಿ ನೀರೊ ಕೈಯಲ್ಲಿರುವುದು ಕೋಲ್ಟ್ ಮಾಡೆಲ್ 733. ಎಂ16 ಕುಟುಂಬದ ಗಿಡ್ಡ ಕಾರ್ಬೈನ್, ನಳಿಗೆ ಹನ್ನೊಂದೂವರೆ ಇಂಚು. ಮೇಲೆ ಸಾಗಿಸುವ ಹಿಡಿಕೆ ಇದೆ, ಅದು ಬಿಚ್ಚಿ ತೆಗೆಯುವಂಥದ್ದಲ್ಲ. ಮುಖ್ಯ ಗುರುತು ಮುಂದಿನ ಗುರಿ ಕಡ್ಡಿ. ಅದರಿಂದ ಆಚೆಗೆ ಎಷ್ಟು ನಳಿಗೆ ಉಳಿದಿದೆ ನೋಡಿ. ಸ್ವಲ್ಪವೇ ಚಾಚಿಕೊಂಡು ತಕ್ಷಣ ಜ್ವಾಲೆ ತಡೆಯುವ ತುದಿ ಬಂದುಬಿಡುತ್ತದೆ. ಇದೇ ಕುಟುಂಬದ ಹದಿನಾಲ್ಕೂವರೆ ಇಂಚಿನದಾದರೆ ಆ ಭಾಗ ಎದ್ದು ಕಾಣುವಷ್ಟು ಉದ್ದ ಇರುತ್ತದೆ.

ಪಚೀನೊ ಕೈಯಲ್ಲಿರುವುದು ಬೆಲ್ಜಿಯಂನ ಎಫ್‌ಎನ್ ಕಂಪನಿಯ ಎಫ್‌ಎನ್‌ಸಿ. ಭುಜಕ್ಕೆ ಒತ್ತಿ ಹಿಡಿಯುವ ಬಟ್ ಗಟ್ಟಿ ಮರವಲ್ಲ, ಪಕ್ಕಕ್ಕೆ ಮಡಚುವ ಕೊಳವೆ ಚೌಕಟ್ಟು. ಮ್ಯಾಗಜೀನ್, ಅಂದರೆ ತೋಟಾ ತುಂಬುವ ಡಬ್ಬಿ, ಸ್ವಲ್ಪವೇ ಬಾಗಿದೆ, ಎಂ16 ಮಾದರಿಯದು. ನಳಿಗೆಯ ಮೇಲೆ ಗ್ಯಾಸ್ ಕೊಳವೆ ಓಡುತ್ತದೆ. ಮೊದಲ ತೋಟಾ ಒಳಗೆ ಹೋಗಲಿ ಅಂತ ಎಳೆಯುವ ಹಿಡಿ ಬಲಗಡೆ. ಸ್ವೀಡನ್ ಸೈನ್ಯ ಇದನ್ನೇ ಸ್ವಲ್ಪ ಬದಲಾಯಿಸಿ ಎಕೆ 5 ಅನ್ನುವ ಹೆಸರಲ್ಲಿ 1986ರಲ್ಲಿ ತೆಗೆದುಕೊಂಡಿತು. ಹೆಸರು ಹಾಗಿದ್ದರೂ ರಷ್ಯಾದ ಎಕೆಗೆ ಅದು ನೆಂಟ ಅಲ್ಲ.

ಬಿಳಿ ಹಿಡಿಯ ಪಿಸ್ತೂಲು ಕೋಲ್ಟ್‌ನದೇ, ಆಫೀಸರ್ಸ್ ಎಸಿಪಿ ಅಳತೆಯದು. 1911ರ ಪಿಸ್ತೂಲನ್ನೇ ಚಿಕ್ಕದು ಮಾಡಿದ್ದು. ಪೂರ್ತಿ ಅಳತೆಯದಕ್ಕೆ ಐದು ಇಂಚಿನ ನಳಿಗೆ, ಕಮಾಂಡರ್‌ಗೆ ನಾಲ್ಕೂಕಾಲು, ಇದಕ್ಕೆ ಮೂರೂವರೆ. ಟ್ರಿಗರ್ ಸುತ್ತಿನ ಬಳೆಯಿಂದ ಮುಂದಕ್ಕೆ ಎಷ್ಟು ಉದ್ದ ಉಳಿದಿದೆ ನೋಡಿದರೆ ಈ ಮೂರರಲ್ಲಿ ಯಾವುದು ಅಂತ ಗೊತ್ತಾಗುತ್ತದೆ.

ಮಧ್ಯಂತರ
ಸೈಜ್‌ಮೋರ್ ಕೈಯಲ್ಲಿರೋದು ಎಕೆ 47 ಅಲ್ವಾ? ಬಾಗಿದ ಮ್ಯಾಗಜೀನ್, ಮೇಲೆ ಅದೇ ತರದ ಮುಚ್ಚಳ. ನಂಗೆ ಅನುಮಾನವೇ ಬರಲಿಲ್ಲ.

ಹಳೇರೀಲು
ಒಳಗಿನ ಯಂತ್ರ ಎಕೆ ಮೂಲದ್ದೇ, ಅದಕ್ಕೆ ಹಾಗೆ ಅನಿಸುತ್ತದೆ. ಆದರೆ ಅದು ಇಸ್ರೇಲಿನ ಗಲೀಲ್. ಎಕೆಯಿಂದ ಫಿನ್‌ಲೆಂಡಿನ ಆರ್‌ಕೆ 62, ಅದರಿಂದ ಗಲೀಲ್, ಹೀಗೆ ಸಾಲು.

ಗುರುತು ಮೂರು ಕಡೆ ಸಿಗುತ್ತದೆ. ಒಂದು, ಮುಂದಿನ ಗುರಿ ಕಡ್ಡಿ ಎಲ್ಲಿದೆ ನೋಡಿ. ಎಕೆಯಲ್ಲಿ ಅದು ನಳಿಗೆಯ ತುದಿಗೆ ಹೋಗಿರುತ್ತದೆ. ಗಲೀಲ್‌ನಲ್ಲಿ ಹಿಂದೆ, ಗ್ಯಾಸ್ ಕೊಳವೆ ನಳಿಗೆಗೆ ಸೇರುವ ಜಾಗದ ಮೇಲೆ ಕೂತಿರುತ್ತದೆ. ಅದರಿಂದ ಮುಂದೆ ಬರೀ ನಳಿಗೆ. ಎರಡು, ಎಳೆಯುವ ಹಿಡಿ. ಎಕೆಯದು ಬಲಕ್ಕೆ ನೇರವಾಗಿ ಚಾಚಿದೆ, ಗಲೀಲ್‌ನದು ಮೇಲಕ್ಕೆ ಬಾಗಿದೆ, ಎಡಗೈಯಿಂದಲೂ ಎಳೆಯಲಿ ಅಂತ. ಮೂರು, ಮ್ಯಾಗಜೀನಿನ ಬಾಗು. ಎಕೆಯ 7.62 ಎಂಎಂ ತೋಟಾ ಹಿಂದೆ ದಪ್ಪ, ಮುಂದೆ ಸಣ್ಣ. ಮೂವತ್ತನ್ನು ಒಂದರ ಮೇಲೊಂದು ಜೋಡಿಸಿದರೆ ಡಬ್ಬಿ ತಾನಾಗಿ ಜಾಸ್ತಿ ಬಾಗುತ್ತದೆ. 5.56ರ ಗಲೀಲ್ ಮ್ಯಾಗಜೀನಿಗೆ ಮೂವತ್ತೈದು ಹಿಡಿಸುತ್ತದೆ. ಉದ್ದ ಇದೆ, ಬಾಗು ಅಷ್ಟಿಲ್ಲ.

ಎರಡನೇ_ಟೇಕ್
ಹಳೇರೀಲು ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಂದೂಕು ಅರ್ಧ ಮರೆಯಾಗಿದ್ದರೆ ನಟನ ಕೈ ನೋಡಿ.

ಇದೇ ಚಿತ್ರದಲ್ಲಿ ಕಿಲ್ಮರ್ ಮ್ಯಾಗಜೀನ್ ಬದಲಾಯಿಸುವ ರೀತಿ ನೆನಪಿಸಿಕೊಳ್ಳಿ. ಎಂ16 ಕುಟುಂಬದಲ್ಲಿ ಬಲಗೈ ತೋರುಬೆರಳಿಗೆ ಸಿಗುವ ಹಾಗೆ ಬಲಗಡೆ ಒಂದು ಗುಂಡಿ ಇದೆ. ಒತ್ತಿದರೆ ಖಾಲಿ ಮ್ಯಾಗಜೀನ್ ತಾನೇ ಬೀಳುತ್ತದೆ. ಹೊಸದು ಕೆಳಗಿನಿಂದ ನೇರವಾಗಿ ಒಳಗೆ. ಆಮೇಲೆ ಎಡಗಡೆಯ ಪಟ್ಟಿಯನ್ನು ಬಡಿದರೆ ತೋಟಾವನ್ನು ಒಳಕ್ಕೆ ತಳ್ಳುವ ಬೋಲ್ಟ್ ಮುಂದೆ ಹೋಗುತ್ತದೆ. ಎಕೆ ಅಥವಾ ಗಲೀಲ್ ಆದರೆ ಕೆಲಸವೇ ಬೇರೆ. ಟ್ರಿಗರ್ ಬಳೆಯ ಮುಂದಿನ ಸನ್ನೆಯನ್ನು ತಳ್ಳಿ ಹಳೆಯದನ್ನು ಮುಂದಕ್ಕೆ ವಾಲಿಸಿ ತೆಗೆಯಬೇಕು. ಹೊಸದರ ಮುಂಭಾಗವನ್ನು ಮೊದಲು ಸಿಕ್ಕಿಸಿ ಹಿಂದಕ್ಕೆ ಎಳೆಯಬೇಕು, ಆಮೇಲೆ ಹಿಡಿಯನ್ನು ಎಳೆದು ಬಿಡಬೇಕು. ಕೈ ನೇರ ಹೋಯಿತೋ ವಾಲಿತೋ ಅನ್ನೋದು ದೂರದ ಶಾಟ್‌ನಲ್ಲೂ ಕಾಣುತ್ತದೆ.

ನಟರಿಗೆ ಸರಿಯಾಗಿ ತರಬೇತಿ ಕೊಟ್ಟ ಚಿತ್ರಗಳಲ್ಲಿ ಮಾತ್ರ ಇದು ಕೆಲಸಕ್ಕೆ ಬರುತ್ತದೆ. ‘ಹೀಟ್’ ಅಂಥದ್ದು.

ಸುಮ್ನೆ_ಒಂದು_ಪ್ರಶ್ನೆ
ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಾಡೆಲ್ ನಂಬರ್ ಗೊತ್ತಾದರೆ ಸಿನಿಮಾ ಜಾಸ್ತಿ ಚೆನ್ನಾಗಿ ಕಾಣುತ್ತದಾ? ಬಂದೂಕು ಬಂದೂಕೇ ತಾನೇ?

ಫ್ರೇಮ್‌ಗಣ್ಣು
ನನ್ನ ಮಟ್ಟಿಗೆ ಹೌದು. ಪಚೀನೊ ಪಾತ್ರವನ್ನೇ ತಗೊಳ್ಳಿ. ಪೊಲೀಸ್ ಅಧಿಕಾರಿ. ಎಲ್ಲರ ಹತ್ತಿರ ಇರುವಂಥ ಪಿಸ್ತೂಲು ಕೊಟ್ಟಿದ್ದರೂ ನಡೆಯುತ್ತಿತ್ತು. ಆದರೆ ಗಿಡ್ಡ ಕೋಲ್ಟ್, ಅದಕ್ಕೆ ಬಿಳಿ ಹಿಡಿ. ಈ ಮನುಷ್ಯನಿಗೆ ತನ್ನದೇ ಅಭಿರುಚಿ ಇದೆ, ನಾಲ್ಕು ಜನ ನೋಡಲಿ ಅನ್ನುವ ಆಸೆ ಇದೆ ಅಂತ ಅದು ಹೇಳುತ್ತದೆ. ದರೋಡೆಕೋರರಿಗೆ ಅದರ ತದ್ವಿರುದ್ಧ. ಕೋಟಿನೊಳಗೆ ಅಡಗುವ ಗಿಡ್ಡ ಕಾರ್ಬೈನ್, ಅಲಂಕಾರ ಒಂದೂ ಇಲ್ಲ. ವೇಷಭೂಷಣದ ಬಗ್ಗೆ ಪುಟಗಟ್ಟಲೆ ಮಾತಾಡುತ್ತೇವೆ. ಇದೂ ವೇಷಭೂಷಣವೇ ಅಂತ ನನಗೆ ಅನಿಸುತ್ತದೆ.

ಹಳೇರೀಲು
ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು. ‘ಇದು ಯಾವ ಬಂದೂಕು’ ಅನ್ನುವ ಪ್ರಶ್ನೆಗೆ ಎರಡು ಉತ್ತರ ಇರುತ್ತವೆ. ಕಥೆಯಲ್ಲಿ ಅದು ಯಾವುದು, ಸೆಟ್‌ನಲ್ಲಿ ನಟನ ಕೈಯಲ್ಲಿ ಇದ್ದದ್ದು ಯಾವುದು. ಎರಡನ್ನೂ ಬೇರೆ ಬೇರೆ ಬರೆದಿಡಬೇಕು. ಬೆರೆಸಿದರೆ ವಾದ ಮುಗಿಯೋದೇ ಇಲ್ಲ.

1976ರ ‘ಟ್ಯಾಕ್ಸಿ ಡ್ರೈವರ್’ ನೋಡಿ. ಬಂದೂಕು ಮಾರುವವನು ಹೋಟೆಲ್ ಕೋಣೆಯಲ್ಲಿ ಒಂದೊಂದಾಗಿ ತೆಗೆದು ಮಾಲಿನ ಗುಣಗಾನ ಮಾಡುತ್ತಾನೆ. .44 ಮ್ಯಾಗ್ನಂ ಅಂತ ತೋರಿಸಿದ್ದು ನಿಜಕ್ಕೂ ಅದೇ, ಸ್ಮಿತ್ ಅಂಡ್ ವೆಸನ್ ಮಾಡೆಲ್ 29. ಆದರೆ ‘ವಾಲ್ಟರ್’ ಅಂತ ಹೇಳಿ ಕೊಡುವ .380 ಪಿಸ್ತೂಲು ಸ್ಪೇನಿನ ಅಸ್ತ್ರಾ ಕಾನ್‌ಸ್ಟೇಬಲ್. ‘ಕೋಲ್ಟ್ .25’ ಅಂತ ಹೇಳುವುದು ಸ್ಮಿತ್ ಅಂಡ್ ವೆಸನ್‌ನ ಎಸ್ಕಾರ್ಟ್, ಅದು .22. ಮಾತು ನಂಬಿಕೊಂಡು ಪಟ್ಟಿ ಮಾಡಿದವರು ಎರಡು ಕಡೆ ತಪ್ಪುತ್ತಾರೆ.

ಅಸ್ತ್ರಾ ಮತ್ತು ವಾಲ್ಟರ್ ಕಂಪನಿಯ ಪಿಪಿಕೆ ದೂರದಿಂದ ಒಂದೇ ತರಹ ಕಾಣುತ್ತವೆ. ಹತ್ತಿರದ ಶಾಟ್ ಸಿಕ್ಕರೆ ಟ್ರಿಗರ್ ಮೇಲಿನ ಜಾಗ ನೋಡಿ. ಅಸ್ತ್ರಾದಲ್ಲಿ ಬಿಚ್ಚುವುದಕ್ಕೆ ಅಂತ ಒಂದು ಚಿಕ್ಕ ಚಿಲಕ ಪಿಸ್ತೂಲಿನ ಫ್ರೇಮಿನಲ್ಲೇ, ಅಂದರೆ ಕೆಳಗಿನ ಚೌಕಟ್ಟಿನಲ್ಲೇ ಇದೆ. ಪಿಪಿಕೆಯಲ್ಲಿ ಅದಿಲ್ಲ, ಟ್ರಿಗರ್ ಬಳೆಯನ್ನೇ ಕೆಳಗೆ ಎಳೆದು ಬಿಚ್ಚುತ್ತಾರೆ.

ಮಧ್ಯಂತರ
ಮಾತು ನಂಬಬಾರದು ಅನ್ನೋದಕ್ಕೆ ‘ಡೈ ಹಾರ್ಡ್ 2’ ಇದೆಯಲ್ಲ. 1990ರದ್ದು. ‘ಗ್ಲಾಕ್ 7’ ಅಂತೆ, ಪಿಂಗಾಣಿಯದಂತೆ, ಜರ್ಮನಿಯದಂತೆ, ವಿಮಾನ ನಿಲ್ದಾಣದ ಎಕ್ಸ್‌ರೇಗೆ ಕಾಣೋದಿಲ್ಲವಂತೆ. ಗ್ಲಾಕ್ 7 ಅನ್ನೋ ಪಿಸ್ತೂಲೇ ಇಲ್ಲ. ತೆರೆಯ ಮೇಲೆ ಇರೋದು ಗ್ಲಾಕ್ 17. ಕಂಪನಿ ಆಸ್ಟ್ರಿಯಾದ್ದು. ಕೆಳಗಿನ ಫ್ರೇಮ್ ಪಾಲಿಮರ್, ಆದರೆ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್ ಮತ್ತು ನಳಿಗೆ ಉಕ್ಕು. ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುತ್ತದೆ.

ಫ್ರೇಮ್‌ಗಣ್ಣು
ಅಪರಾಧ ಚಿತ್ರಗಳಲ್ಲಿ ಸಣ್ಣ ಮೂಗಿನ, ಅಂದರೆ ಗಿಡ್ಡ ನಳಿಗೆಯ ರಿವಾಲ್ವರ್‌ಗಳು ಜಾಸ್ತಿ. ನನಗೆ ಎಲ್ಲವೂ ಒಂದೇ ತರಹ ಕಾಣುತ್ತವೆ. ಕೋಲ್ಟಾ, ಸ್ಮಿತ್ ಅಂಡ್ ವೆಸನ್ನಾ ಅಂತ ಹೇಗೆ ಹೇಳೋದು?

ಆರುಗುಂಡಿ
ನನಗೆ ಇಷ್ಟವಾದ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ತೋಟಾ ತುಂಬುವ ಉರುಳೆಯ ರಂಧ್ರಗಳನ್ನು ಎಣಿಸಿ. ಕೋಲ್ಟ್ ಡಿಟೆಕ್ಟಿವ್ ಸ್ಪೆಷಲ್‌ಗೆ ಆರು, ಸ್ಮಿತ್ ಅಂಡ್ ವೆಸನ್ ಮಾಡೆಲ್ 36ಕ್ಕೆ ಐದು. ಮುಂದಿನಿಂದ ಶಾಟ್ ಇದ್ದರೆ ರಂಧ್ರಗಳೇ ಕಾಣುತ್ತವೆ. ಪಕ್ಕದಿಂದ ಇದ್ದರೆ ಉರುಳೆಯ ಮೇಲಿನ ಉದ್ದ ತೋಡುಗಳ ನಡುವಿನ ಅಂತರ ನೋಡಿ, ಐದರದ್ದರಲ್ಲಿ ಅಂತರ ಜಾಸ್ತಿ.

ಎರಡನೆಯದು ನಳಿಗೆಯ ಕೆಳಗಿನ ಕಡ್ಡಿ, ಖಾಲಿ ಚಿಪ್ಪುಗಳನ್ನು ಹೊರಗೆ ತಳ್ಳುವಂಥದ್ದು. ಸ್ಮಿತ್ ಅಂಡ್ ವೆಸನ್‌ನಲ್ಲಿ ಅದರ ತುದಿ ನಳಿಗೆಯ ಅಡಿಯ ಸಣ್ಣ ಉಬ್ಬಿಗೆ ಸಿಕ್ಕಿಕೊಂಡಿರುತ್ತದೆ. ಹಳೆಯ ಡಿಟೆಕ್ಟಿವ್ ಸ್ಪೆಷಲ್‌ನಲ್ಲಿ ಆಧಾರ ಇಲ್ಲದೆ ಸುಮ್ನೆ ಚಾಚಿಕೊಂಡಿರುತ್ತದೆ. ಎಪ್ಪತ್ತರ ದಶಕದಲ್ಲಿ ಬಂದ ಕೋಲ್ಟ್‌ಗಳಲ್ಲಿ ಅದಕ್ಕೆ ಉದ್ದದ ಹೊದಿಕೆ ಬಂತು. ಹೀಗಾಗಿ ಬರಿಗಡ್ಡಿಯ ಕೋಲ್ಟ್ ಕಂಡರೆ ಹಳೆಯ ತಯಾರಿಕೆ ಅಂತಲೂ ತಿಳಿಯುತ್ತದೆ.

ಮೂರನೆಯದು ಎಡಗಡೆಯ ಚಿಲಕ. ಕೋಲ್ಟ್‌ನಲ್ಲಿ ಹಿಂದಕ್ಕೆ ಎಳೆದರೆ ಉರುಳೆ ಹೊರಗೆ ಬರುತ್ತದೆ, ಸ್ಮಿತ್ ಅಂಡ್ ವೆಸನ್‌ನಲ್ಲಿ ಮುಂದಕ್ಕೆ ತಳ್ಳಬೇಕು. ರೂಗರ್‌ನಲ್ಲಿ ಒಳಕ್ಕೆ ಒತ್ತಬೇಕು. ನಟನ ಹೆಬ್ಬೆರಳು ಯಾವ ಕಡೆ ಹೋಯಿತು ನೋಡಿ.

ನನ್ನ ಮೆಚ್ಚಿನ ಗುರುತು ಕೊನೆಯದು. ತೋಟಾ ಸಿಡಿಸುವ ಹ್ಯಾಮರ್ ಎಳೆಯುವ ಕ್ಲೋಸಪ್ ಸಿಕ್ಕಿತು ಅಂದುಕೊಳ್ಳಿ. ಹಿಡಿದವನ ಕಡೆಯಿಂದ ನೋಡಿದರೆ ಕೋಲ್ಟ್ ಉರುಳೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಸ್ಮಿತ್ ಅಂಡ್ ವೆಸನ್‌ನದು ಎದುರು ದಿಕ್ಕಿಗೆ. ಕತ್ತಲಲ್ಲಿ ತೆಗೆದ ದೃಶ್ಯದಲ್ಲೂ ಈ ತಿರುಗುವಿಕೆ ಕಂಡುಬಿಡುತ್ತದೆ.

ಇನ್ನೊಂದು. ಸ್ಮಿತ್ ಅಂಡ್ ವೆಸನ್ ಮಾಡೆಲ್ ನಂಬರ್ ಕೊಡೋಕೆ ಶುರು ಮಾಡಿದ್ದು 1957ರಲ್ಲಿ. ಮಾಡೆಲ್ 36 ಅದಕ್ಕೂ ಮೊದಲು 1950ರಿಂದ ‘ಚೀಫ್ಸ್ ಸ್ಪೆಷಲ್’ ಹೆಸರಲ್ಲಿತ್ತು. ಐವತ್ತರ ದಶಕದ ಆರಂಭದಲ್ಲಿ ನಡೆಯುವ ಕಥೆಗೆ ಪಟ್ಟಿ ಬರೆಯುವಾಗ ಹಳೇ ಹೆಸರೇ ಬರೆಯಿರಿ.

ಎರಡನೇ_ಟೇಕ್
ಕಾಲದ ಮಾತು ಬಂತು. 1920ರಿಂದ 1933ರವರೆಗಿನ ಅಮೆರಿಕದ ಮದ್ಯನಿಷೇಧ ಕಾಲದ ಗ್ಯಾಂಗ್ ಕಥೆಗಳಲ್ಲಿ ಥಾಮ್ಸನ್ ಸಬ್‌ಮಷಿನ್ ಗನ್ ಬಂದರೆ ಎಳೆಯುವ ಹಿಡಿ ಎಲ್ಲಿದೆ ನೋಡಿ. ಮೇಲ್ಭಾಗದಲ್ಲಿದ್ದರೆ 1921 ಅಥವಾ 1928ರ ಮಾದರಿ, ಕಾಲಕ್ಕೆ ಸರಿ. ಬಲಗಡೆ ಪಕ್ಕದಲ್ಲಿದ್ದರೆ ಅದು ಯುದ್ಧಕಾಲಕ್ಕೆ ಸರಳ ಮಾಡಿದ ಎಂ1, ಸೈನ್ಯಕ್ಕೆ ಬಂದದ್ದು 1942ರಲ್ಲಿ. ಆ ಎಂ1ಕ್ಕೆ ಗುಂಡನೆಯ ಡ್ರಮ್ ಕೂರೋದೇ ಇಲ್ಲ, ಕಡ್ಡಿ ಮ್ಯಾಗಜೀನ್ ಮಾತ್ರ.

ಪಿಸ್ತೂಲುಗಳಿಗೂ ಇದೇ ಪರೀಕ್ಷೆ. ಆಸ್ಟ್ರಿಯಾ ಸೈನ್ಯ ಗ್ಲಾಕ್ 17 ತೆಗೆದುಕೊಂಡದ್ದು 1982ರಲ್ಲಿ. ಎಪ್ಪತ್ತರ ದಶಕದ ಕಥೆಯಲ್ಲಿ ಗ್ಲಾಕ್ ಬಂದರೆ ಯಾರೋ ನೋಡಿಕೊಂಡಿಲ್ಲ.

ಸದ್ದಿನಕೋಣೆ
ನಾನು ಸದ್ದಿನ ಕಡೆಯಿಂದ ಬರೆಯುತ್ತೇನೆ. ಸದ್ದು ಕೇಳಿ ಬಂದೂಕು ಗುರುತಿಸೋಕೆ ಹೋಗಬೇಡಿ. ಬಹುತೇಕ ಚಿತ್ರಗಳಲ್ಲಿ ಗುಂಡಿನ ಸದ್ದನ್ನು ಆಮೇಲೆ ಸ್ಟುಡಿಯೊದಲ್ಲಿ ಸೇರಿಸುತ್ತಾರೆ. ಬೇಕಾದ ಭಾರ ಬರಲಿ ಅಂತ ಹಲವು ಸದ್ದುಗಳನ್ನು ಒಂದರ ಮೇಲೊಂದು ಹಾಕುತ್ತಾರೆ. ಗ್ಲಾಕ್‌ಗೆ ಹೊರಗೆ ಹ್ಯಾಮರೇ ಇಲ್ಲ. ಆದರೂ ಪಾತ್ರ ಗ್ಲಾಕ್ ಎತ್ತಿ ಹಿಡಿದ ಕೂಡಲೇ ಹ್ಯಾಮರ್ ಎಳೆದ ‘ಕ್ಲಿಕ್’ ಕೇಳಿಸುವ ಚಿತ್ರಗಳು ಬೇಕಾದಷ್ಟಿವೆ.

ಇದಕ್ಕೆ ದೊಡ್ಡ ಅಪವಾದ ‘ಹೀಟ್’. ಆ ರಸ್ತೆ ಕಾಳಗದಲ್ಲಿ ಚಿತ್ರೀಕರಣದ ಜಾಗದಲ್ಲೇ ಹಿಡಿದ ಸದ್ದನ್ನು ಮಾನ್ ಉಳಿಸಿಕೊಂಡರು. ಬ್ಲ್ಯಾಂಕ್, ಅಂದರೆ ಮದ್ದಿದ್ದು ಗುಂಡಿಲ್ಲದ ತೋಟಾಗಳ ಸಿಡಿತ ಎತ್ತರದ ಕಟ್ಟಡಗಳಿಗೆ ಬಡಿದು ವಾಪಸು ಬರುತ್ತದೆ. ಆ ಪ್ರತಿಧ್ವನಿಯನ್ನು ಕೋಣೆಯೊಳಗೆ ಕೂತು ಹುಟ್ಟಿಸೋದು ಕಷ್ಟ. ಒಳ್ಳೆ ಹೆಡ್‌ಫೋನ್ ಹಾಕಿ ಕೇಳಿ ನೋಡಿ, ಬೀದಿಯ ಅಗಲ ಕಿವಿಗೇ ಗೊತ್ತಾಗುತ್ತದೆ. ಈ ಕೆಲಸ ಮಾಡುವ ನಮಗೆ ಅದು ಇವತ್ತಿಗೂ ಪಾಠ.

ಜ್ವಾಲೆ ಎಣಿಸಿ ಗುಂಡು ಲೆಕ್ಕ ಹಾಕೋದೂ ಬೇಡ. ಸೆಕೆಂಡಿಗೆ 24 ಫ್ರೇಮ್ ತೆಗೆಯುವ ಫಿಲ್ಮ್ ಕ್ಯಾಮೆರಾದ ಶಟರ್ ಸಾಮಾನ್ಯವಾಗಿ ಅರ್ಧ ಹೊತ್ತು ಮುಚ್ಚಿರುತ್ತದೆ. ಆ ಹೊತ್ತಿನಲ್ಲಿ ಹೊಮ್ಮಿದ ಜ್ವಾಲೆ ಫಿಲ್ಮ್‌ಗೆ ಬೀಳುವುದೇ ಇಲ್ಲ. ಹಾರುವ ಚಿಪ್ಪುಗಳನ್ನು ಎಣಿಸಿ, ಅದು ಹೆಚ್ಚು ನಂಬಬಹುದು.

ಆರುಗುಂಡಿ
ಬ್ಲ್ಯಾಂಕ್ ಮಾತು ಬಂದದ್ದಕ್ಕೆ ಕೇಳುತ್ತೇನೆ. ಹಳೇ ಚಿತ್ರಗಳಲ್ಲಿ 1911 ಬದಲು ಸ್ಪೇನಿನ ಸ್ಟಾರ್ ಮಾಡೆಲ್ ಬಿ ಬರೋದಕ್ಕೆ ಇದೇ ಕಾರಣ ಅಲ್ವಾ?

ಹಳೇರೀಲು
ಹೌದು. ಬ್ಲ್ಯಾಂಕ್‌ನಲ್ಲಿ ಮುಂದೆ ತಳ್ಳಬೇಕಾದ ಗುಂಡು ಇರುವುದಿಲ್ಲ, ಹಾಗಾಗಿ ಸ್ಲೈಡನ್ನು ಹಿಂದಕ್ಕೆ ದೂಡುವಷ್ಟು ಒತ್ತಡ ಸುಲಭವಾಗಿ ಹುಟ್ಟುವುದಿಲ್ಲ. .45ರ ಕೋಲ್ಟ್ ಬ್ಲ್ಯಾಂಕ್‌ನಲ್ಲಿ ಆಗಾಗ ಸಿಕ್ಕಿಕೊಳ್ಳುತ್ತಿತ್ತು. 9 ಎಂಎಂನ ಸ್ಟಾರ್ ಚೆನ್ನಾಗಿ ಓಡುತ್ತಿತ್ತು, ನೋಡೋಕೆ ಕೋಲ್ಟ್ ತರಹವೇ ಇತ್ತು. 1969ರ ‘ದ ವೈಲ್ಡ್ ಬಂಚ್’ನಲ್ಲಿ 1911 ಪಾತ್ರ ಮಾಡಿದ್ದು ಈ ಸ್ಟಾರ್ ಪಿಸ್ತೂಲೇ. ಅದು ಅಪರಾಧ ಚಿತ್ರ ಅಲ್ಲ, ಆದರೆ ಒಳ್ಳೆ ಉದಾಹರಣೆ.

ಗುರುತು ಇರೋದು ಪಿಸ್ತೂಲಿನ ಹಿಡಿಯ ಹಿಂಬದಿಯಲ್ಲಿ. ನಿಜವಾದ 1911ರಲ್ಲಿ ಅಂಗೈ ಒತ್ತುವ ಜಾಗದಲ್ಲಿ ಬೇರೆಯೇ ಒಂದು ತುಂಡು ಕೂತಿರುತ್ತದೆ, ಅದು ಗ್ರಿಪ್ ಸೇಫ್ಟಿ, ಕೈತಪ್ಪಿ ಗುಂಡು ಹಾರದಂತೆ ತಡೆಯುವ ಭಾಗ. ಸ್ಟಾರ್‌ನಲ್ಲಿ ಅದಿಲ್ಲ, ಹಿಂಬದಿ ಒಂದೇ ಸಮ.

ಹೀಗೆ ಒಂದರ ಬದಲು ಇನ್ನೊಂದು ಬರೋದು ಬೆರೆಟ್ಟಾ 92 ವಿಷಯದಲ್ಲೂ ಇದೆ. ಬ್ರೆಜಿಲ್‌ನ ಟಾರಸ್ ಪಿಟಿ92 ಅವಳಿಯಂತೆ ಕಾಣುತ್ತದೆ, ಸ್ಲೈಡಿನ ಮೇಲ್ಭಾಗ ಅದರಲ್ಲೂ ತೆರೆದೇ ಇದೆ. ಬೆರೆಟ್ಟಾ 92ಎಫ್‌ಎಸ್‌ನ ಸೇಫ್ಟಿ ಸ್ಲೈಡಿನ ಮೇಲಿದೆ, ಟಾರಸ್‌ನದು ಕೆಳಗೆ ಫ್ರೇಮಿನ ಮೇಲೆ. ಒಂದು ಎಚ್ಚರ: 1976ರ ಮೊದಲ ಬೆರೆಟ್ಟಾ 92ರಲ್ಲೂ ಸೇಫ್ಟಿ ಫ್ರೇಮಿನ ಮೇಲೇ ಇತ್ತು. ಹಳೇ ಚಿತ್ರವಾದರೆ ಇದೊಂದೇ ಗುರುತು ಸಾಲದು.

ಎರಡನೇ_ಟೇಕ್
ಈಗಿನ ಚಿತ್ರಗಳಲ್ಲಿ ಮೂರನೇ ಸಾಧ್ಯತೆಯೂ ಇದೆ, ನಟನ ಕೈಯಲ್ಲಿರೋದು ಬಂದೂಕೇ ಅಲ್ಲದಿರಬಹುದು. ದೂರದ ಶಾಟ್‌ಗೆ, ಹೊಡೆದಾಟಕ್ಕೆ ರಬ್ಬರ್ ಅಚ್ಚು. ಹತ್ತಿರದ್ದಕ್ಕೆ ಪ್ಲಾಸ್ಟಿಕ್ ಮಣಿ ಹಾರಿಸುವ ಏರ್‌ಸಾಫ್ಟ್ ನಕಲು, ಜ್ವಾಲೆಯನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಸೇರಿಸುತ್ತಾರೆ. ಕ್ಯಾಮೆರಾ ಕಡೆ ತಿರುಗಿದಾಗ ನಳಿಗೆಯ ಬಾಯೊಳಗೆ ನೋಡಿ. ಏರ್‌ಸಾಫ್ಟ್ ಆದರೆ ದೊಡ್ಡ ನಳಿಗೆಯೊಳಗೆ ಇನ್ನೊಂದು ಸಣ್ಣ ಕೊಳವೆ ಕಾಣುತ್ತದೆ. ಗುಂಡು ಹಾರಿದ್ದಕ್ಕೆ ಸ್ಲೈಡ್ ಅಲುಗದೇ ಇದ್ದರೆ, ಚಿಪ್ಪು ಹೊರಗೆ ಬರದಿದ್ದರೆ, ಅದೂ ಸುಳಿವು.

ಇದನ್ನು ಕೊರತೆ ಅಂತ ಯಾರೂ ಆಡಿಕೊಳ್ಳಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 1993ರಲ್ಲಿ ‘ದ ಕ್ರೋ’ ಚಿತ್ರೀಕರಣದಲ್ಲಿ ಬ್ರ್ಯಾಂಡನ್ ಲೀ ಸತ್ತರು. ತೋರಿಕೆಗೆ ಮಾತ್ರ ಇರುವ ಡಮ್ಮಿ ತೋಟಾದಿಂದ ಕಳಚಿದ ಗುಂಡಿನ ತುದಿ ನಳಿಗೆಯಲ್ಲಿ ಉಳಿದಿತ್ತು, ಆಮೇಲೆ ಹಾರಿಸಿದ ಬ್ಲ್ಯಾಂಕ್ ಅದನ್ನು ಹೊರಗೆ ತಳ್ಳಿತು. 2021ರ ಅಕ್ಟೋಬರ್‌ನಲ್ಲಿ ‘ರಸ್ಟ್’ ಸೆಟ್‌ನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ನಿಜವಾದ ಗುಂಡಿಗೆ ಬಲಿಯಾದರು. ಯಾರ ಜೀವಕ್ಕೂ ಅಪಾಯ ಇಲ್ಲದ ಪ್ಲಾಸ್ಟಿಕ್ ತುಂಡನ್ನು ಕೊಟ್ಟು ದೃಶ್ಯ ತೆಗೆದರೆ ನನಗೆ ಅದು ಸಂತೋಷವೇ. ಪಟ್ಟಿಯಲ್ಲಿ ‘ಇಂಥ ಬಂದೂಕಿನ ನಕಲು’ ಅಂತ ಬರೆದರೆ ಆಯಿತು.

ಮಧ್ಯಂತರ
ಒಂದು ಶಾಟ್‌ನಲ್ಲಿ ಪಿಸ್ತೂಲಿನ ಚಿಪ್ಪು ಎಡಗಡೆ ಹಾರುತ್ತದೆ. ಎಡಗೈಯವರಿಗೆ ಅಂತ ಮಾಡಿದ್ದಾ? (ಬೇರೆ ಚಿತ್ರ, ‘ಹೀಟ್’ ಅಲ್ಲ.)

ಸದ್ದಿನಕೋಣೆ
ಅದಕ್ಕಿಂತ ಮೊದಲು ಶಾಟ್ ಕನ್ನಡಿಯಂತೆ ತಿರುಗಿಸಿದ್ದಾರಾ ನೋಡಿ. ಸಂಕಲನದಲ್ಲಿ ಪಾತ್ರದ ನೋಟದ ದಿಕ್ಕು ಹೊಂದಿಸೋಕೆ ಹೀಗೆ ಮಾಡುತ್ತಾರೆ. ಅಂಗಿಯ ಗುಂಡಿ, ಕೈಗಡಿಯಾರ, ಹಿಂದಿನ ಬೋರ್ಡಿನ ಅಕ್ಷರ ನೋಡಿದರೆ ತಿಳಿಯುತ್ತದೆ.

ಲೆನ್ಸ್ ಕೂಡ ಮೋಸ ಮಾಡುತ್ತದೆ. ಅಗಲ ನೋಟದ ಲೆನ್ಸಿನ ಹತ್ತಿರಕ್ಕೆ ಬಂದ ನಳಿಗೆ ಇರುವುದಕ್ಕಿಂತ ಉದ್ದ ಕಾಣುತ್ತದೆ. ಉದ್ದ ಅಳೆಯಬೇಕಾದರೆ ಬಂದೂಕು ಪೂರ್ತಿ ಅಡ್ಡಕ್ಕೆ ಇರುವ ಫ್ರೇಮ್ ಆರಿಸಿ. ಅದರಲ್ಲೇ ಇರುವ ಟ್ರಿಗರ್ ಬಳೆಗೆ ಹೋಲಿಸಿ.

ಫ್ರೇಮ್‌ಗಣ್ಣು
ಎಲ್ಲರಿಗೂ ಧನ್ಯವಾದ. ಇದನ್ನೆಲ್ಲ ಇಟ್ಟುಕೊಂಡು ಪಟ್ಟಿ ಶುರು ಮಾಡಿದ್ದೇನೆ. 733, ಗಲೀಲ್, ಎಫ್‌ಎನ್‌ಸಿ, ಗಿಡ್ಡ ಕೋಲ್ಟ್, ಈ ನಾಲ್ಕಕ್ಕೂ ಒಂದೊಂದು ಫ್ರೇಮ್, ಪಕ್ಕದಲ್ಲಿ ಗುರುತು. ಹಿನ್ನೆಲೆಯಲ್ಲಿ ನಿಂತ ಪೊಲೀಸರ ಕೈಯಲ್ಲಿ ಬೆರೆಟ್ಟಾ ತರಹದ್ದು ಮಸುಕಾಗಿ ಕಾಣುತ್ತದೆ. ಸೇಫ್ಟಿ ಕಾಣೋದಿಲ್ಲ, ಅಕ್ಷರ ಕಾಣೋದಿಲ್ಲ. ಅದನ್ನು ಹೇಗೆ ಬರೆಯಲಿ?

ಹಳೇರೀಲು
‘ಬೆರೆಟ್ಟಾ 92 ಕುಟುಂಬ, ಸ್ಲೈಡಿನ ಮೇಲ್ಭಾಗ ತೆರೆದಿದೆ’ ಅಂತ ಬರೆದು ನಿಲ್ಲಿಸಿ. ಕಂಡದ್ದು ಅಷ್ಟೇ. ಪೊಲೀಸರ ಹತ್ತಿರ ಇಂಥದ್ದೇ ಇರುತ್ತದೆ ಅಂತ ಊಹಿಸಿ 92ಎಫ್‌ಎಸ್ ಅಂತ ಬರೆದರೆ ನಾಳೆ ಅದನ್ನೇ ಇನ್ನೊಬ್ಬರು ನಕಲು ಮಾಡುತ್ತಾರೆ. ಆಮೇಲೆ ಅದನ್ನು ಅಳಿಸೋಕೆ ಯಾರಿಂದಲೂ ಆಗೋದಿಲ್ಲ. ಯಾವ ನಿಮಿಷದ ಎಷ್ಟನೇ ಸೆಕೆಂಡ್ ಅನ್ನೋದನ್ನೂ ಹಾಕಿ. ಸ್ಪಷ್ಟ ಪ್ರತಿ ಇರುವವರು ಯಾರಾದರೂ ಸೇಫ್ಟಿ ನೋಡಿ ಹೇಳಬಹುದು.

ಆರುಗುಂಡಿ
ನನ್ನ ಹತ್ತಿರ 4ಕೆ ಡಿಸ್ಕ್ ಇದೆ. ಸಮಯ ಹಾಕಿ, ವಾರಾಂತ್ಯದಲ್ಲಿ ನೋಡಿ ಫ್ರೇಮ್ ಕಳಿಸುತ್ತೇನೆ.